ತಿಜೋರಿಗೆ ಕಿವಿಗೊಟ್ಟ ಮಾವ

ಕಳ್ಳನಾಗಲು ಬೇಕಾದ ವಿದ್ಯೆಯೆಲ್ಲ ನಮ್ಮ ಸೋದರಮಾವನಿಗೆ ಕರಗತವಾಗಿತ್ತು. ಇಲ್ಲದಿದ್ದದ್ದು ಕಳ್ಳನ ಬುದ್ಧಿಯೊಂದೇ. ಅದೂ ಇದ್ದಿದ್ದರೆ ನಮ್ಮ ಮನೆತನ ಎಲ್ಲಿಗೋ ಹೋಗಿರುತ್ತಿತ್ತು. ಮಾವನಂತೂ ಬಳ್ಳಾರಿ ಜೈಲಿಗೆ ಹೋಗಿರುತ್ತಿದ್ದ!

ನಾನು ಕೂಸಾಗಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ಇನ್ನೊಂದು ಮದುವೆಯಾಗಿ ದೂರವಾದ. ಕೊಟ್ಟೂರಿನಲ್ಲಿದ್ದ ಅವ್ವನ ತಮ್ಮ, ಅಂದರೆ ಈ ಮಾವ, ನನ್ನನ್ನು ಎತ್ತಿಕೊಂಡು ಬಂದು ಸಾಕಿದ. ಅವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅವನಿಗೆ ತೂಕ ಹಾಕುವ ಕೆಲಸ. ಎಪ್ಪತ್ತರ ದಶಕದ ಕೊನೆಗೆ ಮಿಲ್ಲು ಮುಚ್ಚಿ, ಸಾಮಾನೆಲ್ಲ ಮಾರಾಟಕ್ಕೆ ಬಂತು. ಉಳಿದವರು ತಕ್ಕಡಿ, ಬೆಂಚು, ಗೋಡೆ ಗಡಿಯಾರ ಒಯ್ದರು. ಮಾವ ತಂದದ್ದು ಸಾಹುಕಾರರ ತಿಜೋರಿ. ಅದಕ್ಕೆ ಬೀಗದ ಕೈ ಎಂಬುದೇ ಇರಲಿಲ್ಲ. ಬಾಗಿಲ ಮೇಲಿನ ನಂಬರಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಸರಿಯಾಗಿ ತಿರುಗಿಸಿದರಷ್ಟೇ ತೆರೆಯುತ್ತಿತ್ತು. ಆ ನಂಬರು ಗೊತ್ತಿದ್ದದ್ದು ಸಾಹುಕಾರರೊಬ್ಬರಿಗೇ, ಅವರೋ ತೀರಿಕೊಂಡಿದ್ದರು. ಗುಜರಿಯವನೂ ಬೇಡವೆಂದದ್ದನ್ನು ಮಾವ ಬಂಡಿಯಲ್ಲಿ ಹೇರಿಸಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದ.

"ಒಳಗ ಏನೈತ್ರಿ?" ಅಂದಳು ಅತ್ತೆ.

"ಏನರ ಇರಲಿ. ನನಗ ಬೇಕಾಗಿದ್ದು ಅದರ ಬಾಗಲಾ."

"ಬಾಗಲಾ ಬೇಕಂದ್ರ ಬಚ್ಚಲಿಗಿ ಒಂದು ಹಾಕಸ್ರಿ. ಗೋಣಿತಟ್ಟು ಇಳಿಬಿಟ್ಟು ಎಷ್ಟು ವರ್ಸಾತು."

ಬಚ್ಚಲಿಗೆ ಬಾಗಿಲು ಬರಲಿಲ್ಲ. ಮಾವ ತಿಜೋರಿಗೆ ಸ್ಟೀಲಿನ ಲೋಟ ಹಚ್ಚಿ, ಲೋಟಕ್ಕೆ ಕಿವಿ ಹಚ್ಚಿ ಕುಳಿತ. ಒಳಗಿನ ಬಿಲ್ಲೆಗಳು ತಿರುಗುವ ಸದ್ದು ಕೇಳಬೇಕಂತೆ. ಅದಕ್ಕಾಗಿ ಮನೆಯಲ್ಲಿ ಹೊಸ ಕಾನೂನುಗಳು ಬಂದವು. ಚಟ್ನಿ ಕುಟ್ಟುವಂತಿಲ್ಲ, ಕೊಡ ಕುಕ್ಕುವಂತಿಲ್ಲ. ಎಲ್ಲಕ್ಕಿಂತ ಘೋರವಾದದ್ದು, ರೊಟ್ಟಿ ಬಡಿಯುವಂತಿಲ್ಲ! ನಮ್ಮ ಕಡೆ ಜೋಳದ ರೊಟ್ಟಿಯನ್ನು ಮುಟ್ಟಿ ಮುದ್ದು ಮಾಡಿ ತಟ್ಟುತ್ತಾರೆಯೇ? ಓಣಿಗೆಲ್ಲ ಕೇಳುವಂತೆ ಬಡಿಯುತ್ತಾರೆ. ಹೀಗಾಗಿ ನಾವು ಮಂಡಕ್ಕಿ ತಿಂದು ಬದುಕಿದೆವು. ಅದನ್ನೂ ನೀರಿನಲ್ಲಿ ನೆನೆಸಿ ತಿನ್ನಬೇಕಿತ್ತು, ಕುರುಕುರು ಅನ್ನಬಾರದಲ್ಲ.

"ಕಬ್ಬಿಣ ಏನು ಹೇಳತೈತಿ ಅಂತ ಕಿವಿ ಹಚ್ಚಿ ಕೇಳ್ತೀರಿ. ಉಪ್ಪು ತೀರೈತಿ ಅಂತ ಮುಂಜಾನಿಂದ ಹೇಳಾಕತ್ತೀನಿ, ಅದು ಕೇಳವಲ್ದು."

"ಅದು ಹೊರಗಿನ ಸದ್ದು. ನಾ ಒಳಗಿಂದು ಕೇಳಾಕತ್ತೀನಿ," ಅಂದ ಮಾವ, ಬಹಳ ಗಂಭೀರವಾಗಿ.

ಕೊನೆಗೆ ಅತ್ತೆ ಸಿಟ್ಟಿಗೆದ್ದು ರೊಟ್ಟಿ ಬಡಿದೇ ಬಿಟ್ಟಳು. ಮಾವ ಜಗಳಾಡಲಿಲ್ಲ. ಬಿಸಿ ರೊಟ್ಟಿಗಳನ್ನು ಕೈಗೆ ತೆಗೆದುಕೊಂಡು ಒಂದೊಂದರ ಅಂಚನ್ನೂ ಒಂದೊಂದು ಸಲ ಕಚ್ಚಿದ. ಒಂದರ ಮೇಲೊಂದು ಪೇರಿಸಿ ತಿರುಗಿಸುತ್ತ ನನಗೆ ಪಾಠ ಶುರುಮಾಡಿದ. "ನೋಡವ್ವ, ಬೀಗದಾಗಿನ ಬಿಲ್ಲಿಗೂ ಹಿಂಗ ಒಂದೊಂದು ಕಚ್ಚು ಇರತೈತಿ. ಎಲ್ಲಾ ಕಚ್ಚು ಒಂದ ಸಾಲಿಗೆ ಬಂದ್ವು ಅಂದ್ರ, ಮ್ಯಾಲಿನ ಪಟ್ಟಿ ಹಿಂಗ ಕೆಳಗ ಬೀಳತೈತಿ." ಪಟ್ಟಿಯ ಬದಲು ಒಂದು ಹಸಿಮೆಣಸಿನಕಾಯಿಯನ್ನು ಸಾಲಿಗೆ ಬಂದ ಕಚ್ಚುಗಳಲ್ಲಿ ಇಳಿಸಿ ತೋರಿಸಿದ. ಅಷ್ಟು ಚಂದದ ಪಾಠವನ್ನು ನನಗೆ ಯಾವ ಮೇಷ್ಟ್ರೂ ಮಾಡಲಿಲ್ಲ. ಆದರೆ ಪಾಠ ಮುಗಿದ ಮೇಲೆ ಮಾವನ ಎಂಜಲು ರೊಟ್ಟಿ ತಿನ್ನುವವರು ಯಾರು? ಅವನೇ ತಿಂದ, ಮೆಣಸಿನಕಾಯಿ ಸಮೇತ.

ಹೀಗೆ ಕೇಳುತ್ತ ಕೇಳುತ್ತ ಒಂದು ಮಧ್ಯಾಹ್ನ ತಿಜೋರಿ ತೆರೆದೇ ಬಿಟ್ಟಿತು. ಓಣಿಗೆ ಓಣಿಯೇ ನಡುಮನೆಗೆ ನುಗ್ಗಿತು. ಬಂಗಾರ ಇರಬಹುದು, ಬೆಳ್ಳಿ ಇರಬಹುದು ಎಂದು ಎಲ್ಲರೂ ಕತ್ತು ಚಾಚಿದರು. ಒಳಗಿದ್ದದ್ದು ಒಂದು ಜೊತೆ ಕಟ್ಟಿಸಿದ ಹಲ್ಲು! ಸಾಹುಕಾರರು ಕೊನೆಗಾಲದಲ್ಲಿ ಬರೀ ಗಂಜಿ ಕುಡಿದು ಹೋದರೆಂದು ಊರೆಲ್ಲ ಮರುಗಿತ್ತು, ಎಂಥ ವೈರಾಗ್ಯ ಎಂದು ಹೊಗಳಿತ್ತು. ಪಾಪ, ಅವರು ನಂಬರು ಮರೆತಿದ್ದರು ಅಷ್ಟೇ.

ಅಲ್ಲಿಂದ ಮುಂದೆ ಮಾವನ ಖುಷಿಗೆ ಲಗಾಮಿಲ್ಲ. ಮನೆಗೆ ಬಂದವರನ್ನೆಲ್ಲ ತಿಜೋರಿಯ ಮುಂದೆ ಕೂರಿಸಿ, ನಂಬರು ಹೇಳಿಕೊಟ್ಟು, ಅವರ ಕೈಯಿಂದಲೇ ತೆಗೆಸುತ್ತಿದ್ದ. ಹಾಲಿನವಳಿಗೂ ನಂಬರು ಗೊತ್ತು, ಪೋಸ್ಟಿನವನಿಗೂ ಗೊತ್ತು. ಪಕ್ಕದ ಮನೆಯ ಮುದುಕಿ ಸೊಸೆಗೆ ಸಿಗದಂತೆ ಉಪ್ಪಿನಕಾಯಿ ಭರಣಿಯನ್ನು ಅದರಲ್ಲಿ ತಂದಿಟ್ಟಳು. ಸೊಸೆಗೂ ನಂಬರು ಗೊತ್ತಿದ್ದುದರಿಂದ ಭರಣಿ ಬೇಗನೆ ಬರಿದಾಯಿತು.

ಇಂಥ ತಿಜೋರಿಯಲ್ಲಿ ನನ್ನ ತಾಳಿ ಇಟ್ಟಿದ್ದರು ಎಂದರೆ ನೀವು ನಂಬುತ್ತೀರಾ?

ಅದು ನನ್ನ ಅವ್ವನ ತಾಳಿ. ಅವ್ವ ಮುತ್ತೈದೆಯಾಗಿಯೇ ಹೋದವಳು. ಅವಳ ಕೊರಳಿನದನ್ನು ಮಾವ ಅಷ್ಟು ವರ್ಷ ಜೋಪಾನ ಮಾಡಿ, ನನ್ನ ಮದುವೆ ಗೊತ್ತಾದಾಗ ಹೊಸ ದಾರಕ್ಕೆ ಪೋಣಿಸಿದ. ಮದುವೆಯ ಹಿಂದಿನ ದಿನ ಅವನಿಗೆ ದಿಗಿಲಾಯಿತು, ಊರಿಗೆಲ್ಲ ನಂಬರು ಗೊತ್ತಲ್ಲ! ತಾಳಿ ಒಳಗಿಟ್ಟು, ಬಾಗಿಲ ಹಿಂಭಾಗ ಬಿಚ್ಚಿ ಹೊಸ ನಂಬರು ಕೂರಿಸಲು ಹೊರಟ. ಮೊದಲ ಸುತ್ತು ಎಡಕ್ಕೆ. ಅತ್ತೆ ಕೈ ಹಿಡಿದಳು.

"ಮದುವಿ ಮನಿಯಾಗ ಎಡಕ್ಕ ತಿರುವೂದೇನ್ರಿ? ಗುಡಿ ಸುತ್ತೂದು ಬಲಕ್ಕ. ಎಡಕ್ಕ ಸುತ್ತೂದು ಯಾವಾಗಂತ ನಾ ಬಾಯಿಬಿಟ್ಟು ಹೇಳಬೇಕೇನು?"

"ಮದುವಿ ಐತಂತ ಬೀಗಕ್ಕೇನು ಗೊತ್ತು?"

"ನನಗ ಗೊತ್ತೈತಲ್ಲ."

ಮಾವ ಸೋತು, ಬಲದಿಂದಲೇ ಶುರುಮಾಡಿ ನಂಬರು ಕೂರಿಸಿದ. ಬಾಗಿಲು ತೆರೆದಿಟ್ಟುಕೊಂಡೇ ಒಮ್ಮೆ ಪರೀಕ್ಷೆ ಮಾಡಬೇಕೆಂಬುದು ಅವನದೇ ನಿಯಮ. ಅಷ್ಟರಲ್ಲಿ ಹಂದರದ ಕಂಬ ವಾಲಿತೆಂದು ಯಾರೋ ಕೂಗಿದರು. ಬಾಗಿಲು ದಬ್ಬಿ, ಚಕ್ರ ತಿರುವಿ, ಓಡಿಹೋದ.

ಮರುದಿನ ಮುಹೂರ್ತಕ್ಕೆ ತಿಜೋರಿ ತೆರೆಯಲಿಲ್ಲ. ಮನೆಯ ಮುಂದಿನ ಹಂದರದಲ್ಲಿ ನಾನು ಹಸೆಯ ಮೇಲೆ ಕುಳಿತಿದ್ದೆ; ಬಾಗಿಲಿನಿಂದ ಮಾವನ ಬೆವೆತ ಬೆನ್ನು ಕಾಣುತ್ತಿತ್ತು. ತಿರುವಿದ, ಮತ್ತೆ ತಿರುವಿದ. ಹರಪನಹಳ್ಳಿಯಿಂದ ಬಂದಿದ್ದ ಗಂಡಿನ ತಂದೆ ಚಡಪಡಿಸಿದರು. "ಅರಿಶಿನದ ಕೊಂಬು ಕಟ್ಟಿಸಿಬಿಡ್ರಿ ಯಜಮಾನ್ರೆ. ಅದೂ ತಾಳಿನೇ. ಮುಹೂರ್ತ ಮೀರ್ತದೆ."

"ಇಲ್ರಿ," ಅಂದ ಮಾವ, ತಿರುಗಿಯೂ ನೋಡದೆ. "ನಮ್ಮಕ್ಕ ಒಳಗದಾಳ."

ಆಮೇಲೆ ಅವನು ಲೋಟ ತರಿಸಿದ. "ಎಲ್ಲಾರೂ ಸುಮ್ನಿರ್ರಿ. ನಾ ಹೇಳೋತನ ಯಾರೂ ಬಾಜಾ ಬಾರಸಬಾರ್ದು." ಹಂದರವೆಲ್ಲ ಬಾಯಿ ಮುಚ್ಚಿಕೊಂಡಿತು. ಅಡುಗೆಯವರು ಸೌಟು ಎತ್ತಿಹಿಡಿದು ನಿಂತರು. ಕೂಸುಗಳ ಬಾಯಿಗೆ ಬೆಲ್ಲ ಬಿತ್ತು. ನೆಗಡಿಯಾದ ಒಬ್ಬ ಹಿರಿಯರನ್ನು ಗೌರವದಿಂದಲೇ ಬೀದಿಯ ಕೊನೆಗೆ ಕಳಿಸಿಬಂದರು.

"ಯಾರೋ ಇನ್ನೂ ಸದ್ದು ಮಾಡಾಕತ್ಯಾರ," ಅಂದ ಮಾವ. "ಡಬ್ ಡಬ್ ಅನ್ನಾಕತ್ತೈತಿ. ಯಾರದು?"

ಅತ್ತೆ ಹೋಗಿ ಅವನ ಪಕ್ಕ ಕುಳಿತು ಎದೆಯ ಮೇಲೆ ಕೈ ಇಟ್ಟಳು. "ಯಾರೂ ಇಲ್ರಿ. ನಿಮ್ಮ ಎದಿನ ಬಡಕೊಳ್ಳಾಕತ್ತೈತಿ. ನಿನ್ನಿ ನನ್ನ ಮಾತು ಕೇಳಿ ಬಲಕ್ಕ ತಿರುವಿದ್ರಿ. ಇವತ್ತೂ ಕೇಳ್ರಿ."

ಅಲ್ಲಿಯವರೆಗೆ ರೂಢಿಯಂತೆ ಎಡದಿಂದಲೇ ಶುರುಮಾಡುತ್ತಿದ್ದ ಮಾವ ಈ ಸಲ ಮೊದಲ ಸುತ್ತು ಬಲಕ್ಕೆ ತಿರುವಿದ. ಬಾಗಿಲು ತೆರೆಯಿತು.

ಅವನು ತಾಳಿಯನ್ನು ಕಣ್ಣಿಗೊತ್ತಿಕೊಂಡು ತಂದು, ಮದುವೆ ಮಾಡಿಸಲು ಬಂದಿದ್ದ ಅಯ್ಯನವರ ತಟ್ಟೆಯಲ್ಲಿಟ್ಟ. ನನ್ನ ಮುಖ ನೋಡಲಿಲ್ಲ. ಹಿಂದಿರುಗಿ ಹೋಗಿ, ತೆರೆದ ತಿಜೋರಿಯೊಳಗೆ ತಲೆ ಹಾಕಿ ಅಳಲು ಶುರುಮಾಡಿದ. ಕಬ್ಬಿಣದ ಪೆಟ್ಟಿಗೆಯೊಳಗೆ ಅತ್ತರೆ ಯಾರಿಗೂ ಕೇಳಿಸದು ಎಂದುಕೊಂಡಿದ್ದನೇನೋ. ಆ ಅಳು ಕೊಡದೊಳಗಿನ ಮಾತಿನಂತೆ ದೊಡ್ಡದಾಗಿ ಹಂದರಕ್ಕೆಲ್ಲ ಕೇಳಿಸಿತು. ಬಾಜಾದವರು ಅವನ ಅಪ್ಪಣೆಗಾಗಿ ಕಾಯುತ್ತಲೇ ಇದ್ದರು. ಅಪ್ಪಣೆ ಕೊಡಬೇಕಾದವನು ಅಳುತ್ತಿದ್ದ.

ಹಸೆಯ ಮೇಲಿನ ಮದುಮಗಳು ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಾನು ತಲೆಯೆತ್ತಿ ಹೇಳಿದೆ.

"ಬಾರಸ್ರಿ. ನಮ್ಮ ಮಾವ ಅಳೂದು ಮಂದಿಗಿ ಕೇಳಬಾರ್ದು. ಜೋರ್ ಬಾರಸ್ರಿ."

ಅವರು ಹಂದರ ನಡುಗುವಂತೆ ಬಾರಿಸಿದರು. ಮಂದಿಗೆ ಬಾಜಾ ಕೇಳಿಸಿತು. ಅವ್ವನ ತಾಳಿ ಕೊರಳಿಗೆ ಬೀಳುವಾಗ ನನಗೆ ಮಾತ್ರ ಮಾವನ ಅಳುವೇ ಕೇಳುತ್ತಿತ್ತು.