ಹಾಲಪ್ಪನವರ ಹರಕೆ ಸೊಪ್ಪು

ಬಕೆಟ್ ನೀರಿಗೆ ಒಂದು ಮುಚ್ಚಳ ಕಳೆನಾಶಕ ಸಾಕು ಎಂದು ಬಾಟಲಿಯ ಮೇಲೆ ಅಚ್ಚು ಹಾಕಿದ್ದರು. ವಿಮಾ ಕಚೇರಿಯ ಹಾಲಪ್ಪನವರು ಇಡೀ ಬಾಟಲಿ ಸುರಿದರು. ಬೋಡಕ್‌ದೇವ್‌ನ ಅವರ ಸೊಸೈಟಿಯ ಅಂಗಳದಲ್ಲಿ ನಾಲ್ಕು ಕಳೆ ಹೆಚ್ಚಾಗಿದ್ದಕ್ಕೆ ಇಷ್ಟು ಉತ್ಸಾಹ! ವಾರದೊಳಗೆ ಹುಲ್ಲುಹಾಸು ಅವರ ತಲೆಯಂತೆಯೇ ಬೋಳಾಯಿತು. ನೆರೆಯ ಗುಜರಾತಿಗಳು "ಏನು ಬಿಸಿಲು!" ಎಂದರು. ಹಾಲಪ್ಪನವರೂ "ಹೌದು, ಏನು ಬಿಸಿಲು" ಎಂದು ಬೆವರು ಒರೆಸಿಕೊಂಡರು.

ಧಾರವಾಡದಲ್ಲಿ ಕೃಷಿ ಓದಿದ ಭಾವಮೈದುನ ಗುರುಕಿರಣ ಫೋನಿನಲ್ಲೇ ಮದ್ದು ಹೇಳಿದ. "ಭಾವಾರ, ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ ಕಲಸ್ರಿ. ಮ್ಯಾಲೆ ಸಾಸಿವಿ ಬಿತ್ರಿ, ಅದು ವಿಷ ಹೀರ್ತದ. ಬೆಳದಮ್ಯಾಲೆ ಕಿತ್ತು ತಗೀರಿ. ಆದ್ರ ಒಂದ್ ಎಲಿನೂ ಯಾರ ಬಾಯಿಗೂ ಹೋಗಬಾರ್ದು, ದನದ ಬಾಯಿಗೂ!"

ಚಳಿಗಾಲಕ್ಕೆ ಸಾಸಿವೆ ಮೊಣಕಾಲೆತ್ತರ ಬಂತು. ಭಾನುವಾರ ಬೆಳಿಗ್ಗೆ ಕೀಳಲೆಂದು ಚೀಲ ಹಿಡಿದು ಇಳಿದರೆ, ಎದುರು ಮನೆಯ ಚಂಪಾಬೆನ್ ಬುಟ್ಟಿ ಹಿಡಿದು ನಿಂತಿದ್ದರು.

"ಹಾಲಪ್ಪಭಾಯ್, ಮಧ್ಯಾಹ್ನ ಎಲ್ಲರಿಗೂ ಕೆಳಗೇ ಊಟ. ಸಜ್ಜೆ ರೋಟ್ಲಾ ಜೊತೆ ನಿಮ್ಮ ಸೊಪ್ಪಿನ ಪಲ್ಯ ಮಾಡ್ತೀನಿ!"

ಬೇಡವೆಂದರೆ ಕಾರಣ ಹೇಳಬೇಕು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಪ್ರಾಣ ಹೋದೀತು, ಅದೂ ಪರರದ್ದು.

"ಬೇಡ ಬೆನ್! ಅದು... ಹರಕೆ ಸೊಪ್ಪು."

"ಏನು ಹರಕೆ?"

"ಸೊಸೈಟಿಯವರೆಲ್ಲ ಆರೋಗ್ಯವಾಗಿರಲಿ ಅಂತ."

ಚಂಪಾಬೆನ್ ಕಣ್ಣು ತುಂಬಿಕೊಂಡು ಗಿಡಗಳಿಗೆ ಕೈಮುಗಿದರು. ಹಾಲಪ್ಪನವರಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಸುದ್ದಿ ಐದೇ ನಿಮಿಷದಲ್ಲಿ ಎಲ್ಲ ಮಹಡಿ ಹತ್ತಿ ಇಳಿಯಿತು. ಸೆಕ್ರೆಟರಿ ಯಶವಂತ್ ಊದುಬತ್ತಿ ತಂದ. ಹೆಂಗಸರು ಪಾತಿಗೆ ಪ್ರದಕ್ಷಿಣೆ ಹಾಕತೊಡಗಿದರು. ಅವರೆದುರು ಗಿಡ ಕೀಳುವುದು ಹೇಗೆ? ಹಾಲಪ್ಪನವರು ಚೀಲ ಮಡಚಿಕೊಂಡು ಮನೆಗೆ ಹೋದರು.

"ಹೋಗಿ ಖರೇ ಹೇಳ್ರಿ," ಎಂದರು ಹೆಂಡತಿ ಪ್ರೇಮಾ.

"ಹರಕಿ ಸೊಪ್ಪು ಯಾರ್ ಮುಟ್ತಾರ? ನಾಳೆ ನಸುಕಿನ್ಯಾಗ ಕಿತ್ತು ಒಗೀತೀನಿ."

ಮಧ್ಯಾಹ್ನ ಇಳಿದು ನೋಡಿದರೆ ಪಾತಿಯಲ್ಲಿ ಒಂದು ಗಿಡವೂ ಇಲ್ಲ! ಮೇಜಿನ ಮೇಲೆ ಸಾಸಿವೆ ಸೊಪ್ಪಿನ ಪಲ್ಯ ಹಬೆಯಾಡುತ್ತಿತ್ತು. ಯಶವಂತ್ ಆಗಲೇ ರೋಟ್ಲಾ ಮುರಿದು, ಪಲ್ಯ ಮೆತ್ತಿ, ಬಾಯಿಗೆತ್ತಿದ್ದ.

"ತಿನ್ನಬ್ಯಾಡ್ರಿ!" ಹಾಲಪ್ಪನವರು ಕನ್ನಡದಲ್ಲೇ ಕಿರುಚಿದರು. ಆಮೇಲೆ ಹರಕುಮುರುಕು ಹಿಂದಿಯಲ್ಲಿ ಎಲ್ಲವನ್ನೂ ಕಕ್ಕಿದರು. "ಅದು ವಿಷ! ಹುಲ್ಲು ಸುಟ್ಟಿದ್ದು ಬಿಸಿಲಲ್ಲ, ನಾನು. ಔಷಧ ಹೆಚ್ಚು ಹೊಡೆದೆ. ಆ ವಿಷ ಹೀರಲಿ ಅಂತಲೇ ಸಾಸಿವೆ ಹಾಕಿದ್ದು. ಹರಕೆ ಗಿರಕೆ ಏನೂ ಇಲ್ಲ. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದೆ."

ಇಪ್ಪತ್ತು ಮನೆಯವರೂ ಅವರತ್ತ ತಿರುಗಿದರು. ಯಶವಂತ್ ಎತ್ತಿದ ಕೈ ಇಳಿಸಲಿಲ್ಲ. ಹಾಲಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಹಾಲಪ್ಪಭಾಯ್," ಚಂಪಾಬೆನ್ ಮೆಲ್ಲಗೆ ಹೇಳಿದರು, "ದೇವರಿಗೆ ಬಿಟ್ಟ ಸೊಪ್ಪನ್ನ ನಾವು ತಿಂತೀವಾ? ಈ ಸೊಪ್ಪು ಮಾರ್ಕೆಟ್ಟಿಂದು. ನಿಮ್ಮದು ಅಲ್ಲಿದೆ."

ಗೇಟಿನ ಪಕ್ಕದ ಮಾತಾಜಿಯ ಗುಡಿಯಲ್ಲಿ ಅಷ್ಟೂ ಸಾಸಿವೆ ಗಿಡಗಳನ್ನು ಬೇರು ತೊಳೆದು, ಚೆಂಡು ಹೂವಿನ ಜೊತೆ ಕಟ್ಟಿ, ದೇವಿಯ ಕುತ್ತಿಗೆಯವರೆಗೆ ಏರಿಸಿದ್ದರು.

"ನಮ್ಮ ಆರೋಗ್ಯಕ್ಕೆ ನೀವು ಹರಕೆ ಹೊತ್ತಿರಿ ಅಂತ ಹೆಂಗಸರೆಲ್ಲ ಬೆಳಗಿನಿಂದ ಉಪವಾಸ ಇದ್ದೀವಿ," ಎಂದು ಅವರು ಒಂದು ತಟ್ಟೆ ಬಡಿಸಿ ಮುಂದಿಟ್ಟರು. "ನಿಮ್ಮ ಊಟ ಆದಮೇಲೆ ನಮ್ಮದು ಅಂದುಕೊಂಡಿದ್ವಿ. ಈಗ ತಿನ್ನಿ, ನಮಗೂ ಹಸಿವಾಗಿದೆ."

ಎಲ್ಲರೂ ನೋಡುತ್ತಿರುವಾಗ ಹಾಲಪ್ಪನವರು ಮೊದಲ ತುತ್ತು ಬಾಯಿಗಿಟ್ಟುಕೊಂಡರು. ಪಲ್ಯಕ್ಕೆ ಉಪ್ಪಿತ್ತೋ ಇಲ್ಲವೋ, ಅವರಿಗೆ ತಿಳಿಯಲಿಲ್ಲ.