ಬೀಗಕ್ಕೊಂದು ಕಿಟಕಿ

ದೀರ್ಘರಾಯರ ಮನೆಯಲ್ಲಿ ಪ್ರತಿಭೆಗೆ ಬೆಲೆ ಇರಲಿಲ್ಲ. ಹಾಗಂತ ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಸ್ವತಃ ದೀರ್ಘರಾಯರೇ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವರದು. ಇಪ್ಪತ್ತಾರು ವರ್ಷದಿಂದ ಲೇಖಕರು ಬಿಟ್ಟ ದೀರ್ಘಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ಸೇರಿಸುತ್ತ ಬಂದದ್ದಕ್ಕೆ ಆ ಹೆಸರು ಬಂತು ಎಂದು ಅವರು ನಂಬಿದ್ದರು. ಮಾತಿಗೊಂದು ನಿಟ್ಟುಸಿರು ಬಿಡುವುದಕ್ಕೆ ಬಂತು ಎಂದು ಅವರ ಹೆಂಡತಿ ನಂಬಿದ್ದರು.

ಇಂಥವರ ಮೇಜಿಗೆ ಒಂದು ದಿನ ಬೀಗಗಳ ಕುರಿತ ಪುಸ್ತಕದ ಕರಡು ಬಂತು. ಕೀಲಿಕೈ ಇಲ್ಲದೆ ಎರಡು ಕಡ್ಡಿಗಳಿಂದ ಬೀಗ ತೆರೆಯುವುದು ಮರ್ಯಾದಸ್ಥರ ಹವ್ಯಾಸ, ಬುದ್ಧಿಗೆ ಸಾಣೆ ಎಂದು ಅದರಲ್ಲಿ ಬರೆದಿತ್ತು. ಮೂರು ಸಲ ತಿದ್ದುವಷ್ಟರಲ್ಲಿ ಪುಸ್ತಕ ಬಾಯಿಪಾಠವಾಗಿ, ಹವ್ಯಾಸ ತಲೆಗೇರಿತು. ಹಳೇ ಕೊಡೆಯ ಕಡ್ಡಿ ಮುರಿದು ಆಯುಧಗಳನ್ನು ಸಿದ್ಧಪಡಿಸಿಕೊಂಡರು. (ಕೊಡೆ ಹಳೆಯದಾಗಿರಲಿಲ್ಲ ಎಂದು ಹೆಂಡತಿ ಈಗಲೂ ಹೇಳುತ್ತಾರೆ.) ಹದಿನೈದು ದಿನ ತಡಕಾಡಿದರೂ ಒಂದು ಬೀಗವೂ ಬಾಯಿ ಬಿಡಲಿಲ್ಲ.

ರಾಯರು ಕಣ್ಣನ್ನೇ ನಂಬಿ ಬದುಕಿದವರು. ಬೀಗದ ಹೊಟ್ಟೆಯಲ್ಲಿ ಐದು ಪುಟ್ಟ ಹಿತ್ತಾಳೆ ಕಡ್ಡಿಗಳು ಸಾಲಾಗಿರುತ್ತವೆ. ಒಂದೊಂದರ ಉದ್ದ ಒಂದೊಂದು, ಒಂದೊಂದರ ತಲೆಯ ಮೇಲೂ ಒಂದು ಸ್ಪ್ರಿಂಗು. ಕೀಲಿಕೈಯ ಹಲ್ಲುಗಳು ಐದನ್ನೂ ತಕ್ಕಷ್ಟು ಎತ್ತಿದಾಗ ಬೀಗ ತಿರುಗುತ್ತದೆ. ಇಷ್ಟು ದೊಡ್ಡ ಕಾರ್ಯ ತಮ್ಮ ಕಣ್ಣು ತಪ್ಪಿಸಿ ಕತ್ತಲೆಯಲ್ಲಿ ನಡೆಯುವುದನ್ನು ರಾಯರಿಗೆ ಸಹಿಸಲಾಗಲಿಲ್ಲ. ನಲವತ್ತೊಂದನೇ ಪುಟದಲ್ಲಿ ಪರಿಹಾರವಿತ್ತು: ಬೀಗದ ಒಂದು ಪಕ್ಕವನ್ನು ಅರದಿಂದ ಉಜ್ಜಿ ಕಿಟಕಿ ಮಾಡಿ, ಒಳಗಿನದನ್ನು ನೋಡುತ್ತ ಅಭ್ಯಾಸ ಮಾಡಿ.

ಅದಕ್ಕೆ ಅವರು ಆರಿಸಿದ್ದು ಮುಂಬಾಗಿಲ ಬೀಗವನ್ನು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು, ಬೀದಿಗೆಲ್ಲ ಟೈಲರಮ್ಮ. ಮನೆ ಬಿಟ್ಟು ಕದಲುವುದೇ ಅಪರೂಪವಾದ್ದರಿಂದ ಬೀಗ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದು ಸೋಮಾರಿಯಾಗಿತ್ತು. ಬೆನ್ನಿಗೆ ಕಿಟಕಿ ಕೊರೆದು, ಬೆನ್ನನ್ನು ಗೋಡೆಗೆ ತಿರುಗಿಸಿ ನೇತುಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಹೊಸದೊಂದು ತಂದಿಟ್ಟರಾಯಿತು, ನಿಧಾನಕ್ಕೆ.

ನಾಲ್ಕು ದಿನ ರಾಯರ ಸ್ನಾನ ಮುಕ್ಕಾಲು ಮುಕ್ಕಾಲು ಗಂಟೆ ನಡೆಯಿತು. ಒಳಗಿಂದ ಕೊರಕೊರ ಸದ್ದು. ಏನದು ಎಂದು ಟೈಲರಮ್ಮ ಕೇಳಿದರೆ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದೇನೆ ಎಂದರು. ನಾಲ್ಕು ದಿನ ಉಜ್ಜಿದರೂ ಮುಗಿಯದ ಹಿಮ್ಮಡಿ ಎಂಥದ್ದು ಎಂದು ಆಕೆ ಪಾಪ ಮುಲಾಮು ತಂದಿಟ್ಟರು. ನಾಲ್ಕನೇ ದಿನ ಕಿಟಕಿ ತೆರೆಯಿತು. ತೆರೆದದ್ದೇ ತಡ, ಸ್ಪ್ರಿಂಗು ಕಡ್ಡಿಗಳೆಲ್ಲ ಚಂಗನೆ ಹಾರಿ ಒಂದು ಬಕೆಟ್ಟಿಗೆ, ಒಂದು ಸೋಪಿನ ಮೇಲೆ, ಉಳಿದವು ದಿಕ್ಕಿಗೊಂದರಂತೆ ಬಿದ್ದವು. ರಾಯರು ಟವಲು ಸುತ್ತಿಕೊಂಡು, ಮೊಣಕಾಲೂರಿ ಎಲ್ಲವನ್ನೂ ಹೆಕ್ಕಿ, ಚಿಮುಟದಿಂದ ಒಂದೊಂದಾಗಿ ಒಳಗೆ ಕೂರಿಸಿ, ಕಿಟಕಿಗೆ ತೆಳುವಾದ ಪ್ಲಾಸ್ಟಿಕ್ ಅಂಟಿಸಿದರು. ಕೀಲಿಕೈ ಹಾಕಿ ನೋಡಲಿಲ್ಲ. ಅದು ಹೆಂಡತಿಯ ಗೊಂಚಲಿನಲ್ಲಿತ್ತು. ಮೇಲಾಗಿ ಕಲಾವಿದನಾದವನು ಕೀಲಿಕೈ ಮುಟ್ಟುವುದೇ?

ಆಮೇಲೆ ನೋಡಬೇಕಿತ್ತು ಅವರ ಕೈಚಳಕ. ಕಿಟಕಿಯಲ್ಲಿ ಕಣ್ಣು ನೆಟ್ಟು ಒಂಬತ್ತು ಸೆಕೆಂಡಿನಲ್ಲಿ ಬೀಗ ತೆಗೆಯುತ್ತಿದ್ದರು. ವರ್ಷಗಳ ನಂತರ ಅವರ ಮುಖದಲ್ಲಿ ಗೆಲುವು ಕಂಡಿತು. ಯಾಕೆಂದು ತಿಳಿಯದಿದ್ದರೂ ಟೈಲರಮ್ಮನಿಗೂ ಸಂತೋಷವೇ ಆಯಿತು.

ಆ ವಾರ ಟೈಲರಮ್ಮನಿಗೆ ಶಾಲೆಯ ನಾಟಕದ ಹನ್ನೊಂದು ಉಡುಪಿನ ಕೆಲಸ ಸಿಕ್ಕಿತ್ತು: ರಾಜ, ಮಂತ್ರಿ, ಒಂದು ಕರಡಿ, ಮಿಕ್ಕಿದ್ದೆಲ್ಲ ಮರಗಳು. ಹತ್ತೊಂಬತ್ತು ವರ್ಷದಲ್ಲಿ ಆಕೆ ಹೇಳಿದ ಹೊತ್ತಿಗೆ ಬಟ್ಟೆ ಕೊಡದ ದಿನವಿಲ್ಲ; ಆಕೆಯ ಬೋರ್ಡು, ಜಾಹೀರಾತು ಎಲ್ಲ ಅದೇ. ಶುಕ್ರವಾರ ಐದಕ್ಕೆ ನಾಟಕ. ನಾಟಕದ ಮೇಡಂ ನಾಲ್ಕಕ್ಕೆ ಬಂದು ಒಯ್ಯುವ ಮಾತಾಗಿತ್ತು. ಮೂರೂವರೆಗೆ ನೋಡಿದರೆ ರಾಜನ ಅಂಗಿಗೆ ಎರಡು ಗುಂಡಿ ಕಡಿಮೆ. ರಾಯರು ಕ್ಷೌರಕ್ಕೆ ಹೋಗಿದ್ದರು. ಟೈಲರಮ್ಮ ಮೊಳೆಯ ಮೇಲಿದ್ದ ಬೀಗವನ್ನು ಇದ್ದ ಹಾಗೇ ತೆಗೆದು, ಬಾಗಿಲಿಗೆ ಒತ್ತಿ, ಗುಂಡಿ ತರಲು ಓಡಿದರು.

ರಾಯರು ಕೆನ್ನೆ ಸವರಿಕೊಳ್ಳುತ್ತ ಬಂದಾಗ ಬಾಗಿಲ ಮುಂದೆ ಮೂವರು ನಿಂತಿದ್ದರು: ಹೆಂಡತಿ, ಮೇಡಂ, ಮತ್ತು ಹಾರೆ ಹಿಡಿದ ಪಕ್ಕದ ಮನೆ ಕಂಡಕ್ಟರು.

"ಕೀಲಿ ತಿರುಗ್ತಾನೇ ಇಲ್ಲ ರೀ," ಎಂದರು ಟೈಲರಮ್ಮ. "ನಾಲ್ಕಾಯ್ತು. ಹಿತ್ತಿಲ ಬಾಗಿಲಿಗೆ ಒಳಗಿಂದ ಚಿಲಕ."

ರಾಯರ ಕಣ್ಣು ಬೀಗದ ಮೇಲೆ ಬಿತ್ತು. ಮರುಕ್ಷಣ ಒಳಗಿನ ಕಲಾವಿದ ಎದ್ದು ನಿಂತ. ಕಂಡಕ್ಟರನ್ನು ಹಿಂದೆ ಸರಿಸಿ, ಜೇಬಿನಿಂದ ಕಡ್ಡಿಗಳನ್ನು ತೆಗೆದು, ಒಂಬತ್ತು ಸೆಕೆಂಡು ಕೊಡಿ ಎಂದು ಬಾಗಿಲ ಮುಂದೆ ಕೂತರು. ಕೂತ ಮೇಲೆ ತಿಳಿಯಿತು, ಕಿಟಕಿ ಬಾಗಿಲ ಕಡೆಗಿದೆ. ಬೀಗವೋ ಚಿಲಕಕ್ಕೆ ಬಿಗಿಯಾಗಿ ಕೂತಿದ್ದು ಎಳ್ಳಷ್ಟೂ ತಿರುಗದು. ಕೆನ್ನೆಯನ್ನು ಬಾಗಿಲಿಗೆ ಒತ್ತಿ ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು, ಹೊಸ ಕ್ಷೌರದ ಮೇಲೆ ಬೆವರಿಳಿಯಿತು. ಹತ್ತು ನಿಮಿಷವಾಯಿತು. ಮೇಡಂ ಗಡಿಯಾರ ನೋಡಿದರು. ಮಕ್ಕಳು ಸಮವಸ್ತ್ರದಲ್ಲೇ ಮರಗಳಾಗಲಿ ಬಿಡಿ ಎಂದರು, ಒಳ್ಳೆಯ ಮನಸ್ಸಿನಿಂದಲೇ. ಟೈಲರಮ್ಮನ ಕಣ್ಣು ತುಂಬಿತು. ಅದನ್ನು ರಾಯರಿಗೆ ನೋಡಲಾಗಲಿಲ್ಲ.

"ತಪ್ಪು ನಂದೇ ಕಣೇ," ಎಂದರು. "ಅದರ ಬೆನ್ನು ಕೊರೆದಿದ್ದೀನಿ. ಕಣ್ಣಿಗೆ ಕಾಣದಿದ್ರೆ ನನ್ನ ಕೈಲಾಗಲ್ಲ."

"ಹಿಮ್ಮಡಿ," ಎಂದರು ಟೈಲರಮ್ಮ. ಕಣ್ಣೊರೆಸಿಕೊಂಡು, ಗಂಡನನ್ನು ಪಕ್ಕಕ್ಕೆ ಸರಿಸಿ ಕೂತರು. "ಹೇಗೆ ಮಾಡೋದು ಅಂತ ಹೇಳಿ."

ರಾಯರು ನಲವತ್ತಮೂರನೇ ಪುಟ ಒಪ್ಪಿಸಿದರು: ಒಂದು ಕಡ್ಡಿಯನ್ನು ಬೀಗದ ಬಾಯಿಗಿಟ್ಟು ಹಗುರವಾಗಿ ತಿರುಚಿ ಹಿಡಿಯಬೇಕು, ಇನ್ನೊಂದರಿಂದ ಒಳಗಿನವನ್ನು ಮುಟ್ಟುತ್ತ ಹೋಗಬೇಕು, ಯಾವುದು ಬಿಗಿಯೋ ಅದನ್ನು ಮೊದಲು ಎತ್ತಬೇಕು, ಅದು ಸಡಿಲಿದರೆ ಮುಂದಿನದು. ಟೈಲರಮ್ಮ ಕಣ್ಣು ಮುಚ್ಚಿಕೊಂಡರು.

"ಮಷಿನ್ ದಾರದ ಬಿಗಿ ನೋಡೋ ಹಾಗೇ ಇದೆಯಲ್ರೀ," ಎಂದರು ಸ್ವಲ್ಪ ಹೊತ್ತಿನ ಮೇಲೆ. ಟಕ್ಕೆಂದು ಬೀಗ ತೆರೆಯಿತು.

ನಾಲ್ಕು ಇಪ್ಪತ್ತೈದಕ್ಕೆ ರಾಜನ ಅಂಗಿಗೆ ಗುಂಡಿ ಕೂತಿತು, ಮೂವತ್ತಕ್ಕೆ ಹನ್ನೊಂದು ಉಡುಪೂ ಆಟೋ ಹತ್ತಿದವು. ಬೈಗುಳಕ್ಕಾಗಿ ಕಾದು ಕೂತಿದ್ದ ರಾಯರ ಎದುರು ಟೈಲರಮ್ಮ ಕುರ್ಚಿ ಎಳೆದುಕೊಂಡು, ಬೀಗಕ್ಕೆ ಕೀಲಿಕೈ ಹಾಕಿ, ಕಿಟಕಿಯಲ್ಲಿ ಬಗ್ಗಿ ನೋಡಿದರು. ನೋಡುತ್ತಲೇ ಗಂಡನ ಜೇಬಿಗೆ ಕೈಹಾಕಿ ಕೆಂಪು ಪೆನ್ಸಿಲು ತೆಗೆದು ಪ್ಲಾಸ್ಟಿಕ್ಕಿನ ಮೇಲೆ ಒಂದು ಗುರುತು ಹಾಕಿದರು. ಮೂರನೆಯ ಹಿತ್ತಾಳೆ ಕಡ್ಡಿ ನಾಲ್ಕನೆಯದರ ಜಾಗದಲ್ಲಿ, ನಾಲ್ಕನೆಯದು ಮೂರನೆಯದರಲ್ಲಿ. ಇಪ್ಪತ್ತಾರು ವರ್ಷ ಊರವರ ಅದಲುಬದಲಾದ ಅಕ್ಷರಗಳನ್ನು ಹಿಡಿದ ಮಹಾನುಭಾವರು ಆ ಗುರುತನ್ನು ನೋಡಿ ತಲೆ ತಗ್ಗಿಸಿದರು.

ಭಾನುವಾರ ಬೆಳಿಗ್ಗೆ ಕಂಡಕ್ಟರು ಕೀಲಿ ಕಳೆದುಹೋದ ಟ್ರಂಕೊಂದನ್ನು ಹೊತ್ತು ತಂದರು. ರಾಯರು ಅಂಗಿಯ ತೋಳು ಮಡಿಸಿ, ಕಡ್ಡಿಗಳನ್ನು ತೆಗೆದು ಬಾಗಿಲಿಗೆ ಬಂದರು. ಕಂಡಕ್ಟರು ಅವರ ಭುಜದ ಮೇಲಿಂದ ಒಳಗೆ ಇಣುಕಿ, ಟೈಲರಮ್ಮ ಇದ್ದಾರಾ ಎಂದು ಕೇಳಿದರು.

ಟೈಲರಮ್ಮ ಮಷಿನ್ನು ನಿಲ್ಲಿಸಿ ಬಂದರು. ಗಂಡನ ಮುಖ ನೋಡಿದರು. ಕಡ್ಡಿಗಳನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡರು.

"ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ," ಎಂದರು. "ನೀವು ಆ ಪುಟ ಓದದಿದ್ರೆ ನಂಗೆ ಬರಲ್ಲ."

ರಾಯರು ಒಂದು ದೀರ್ಘವಾದ ನಿಟ್ಟುಸಿರು ಬಿಟ್ಟು, ಪಕ್ಕದಲ್ಲಿ ಕೂತು, ನಲವತ್ತಮೂರನೇ ಪುಟ ಶುರುಮಾಡಿದರು.