ಹಾರ ಹಾಕಿದ ರೆಸ್ಯೂಮೆ

ನನ್ನ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇನ್ನೊಬ್ಬರಿಲ್ಲ ಎಂಬ ನಂಬಿಕೆಯಲ್ಲಿ ನಾನು ಅರವತ್ತು ದಾಟಿದೆ. ಆ ನಂಬಿಕೆ ಇವತ್ತಿಗೂ ಹಾಗೆಯೇ ಇದೆ. ಅದರಿಂದ ಆದ ಅನಾಹುತವನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಪ್ರೌಢಶಾಲೆಯ ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ರಾಮದುರ್ಗದ ನಮ್ಮ ಮನೆಯಲ್ಲಿ ನನ್ನ ಅಧಿಕಾರ ಕರಗತೊಡಗಿತ್ತು. ಮೊದಲು ನಾನು ಕೆಮ್ಮಿದರೆ ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಈಗ ಕೆಮ್ಮಿದರೆ ಹೆಂಡತಿ ಸುಶೀಲಾ, "ಮಜ್ಜಿಗಿ ಕುಡೀಬ್ಯಾಡ್ರಿ ಅಂದ್ರ ಕೇಳಂಗಿಲ್ಲ" ಎನ್ನುತ್ತಾಳೆ. ಇಸ್ತ್ರಿ ಅಂಗಿ ತೊಡಲು ಒಂದು ಕಾರಣ, ಕೂರಲು ಒಂದು ಕುರ್ಚಿ, 'ಸರ್' ಎನ್ನಲು ನಾಲ್ಕು ಬಾಯಿ. ನನ್ನ ಬೇಡಿಕೆ ಇಷ್ಟೇ.

ಆಗಲೇ ಬೈಲಹೊಂಗಲದ ಒಂದು ವಸತಿ ಶಾಲೆಗೆ ಗ್ರಂಥಪಾಲಕರು ಬೇಕಾಗಿದ್ದಾರೆ, ನಿವೃತ್ತರೂ ಆಗಬಹುದು ಎಂಬ ಸುದ್ದಿ ಬಂತು. ರೆಸ್ಯೂಮೆ ಮತ್ತು ಫೋಟೋ ಕಳಿಸಬೇಕಂತೆ.

"ಬಸ್ ಸ್ಟ್ಯಾಂಡ್ ಹತ್ರ ಮಹಾಂತೇಶ ಅದಾನಲ್ರಿ, ಅವನ ಕಡೆ ಬರೆಸ್ರಿ" ಎಂದಳು ಸುಶೀಲಾ. "ನಾಕ ರೊಕ್ಕ ತಗೊಂಡ್ರೂ ನೆಟ್ಟಗ ಮಾಡಿಕೊಡ್ತಾನ."

ಮಹಾಂತೇಶ ನನ್ನ ಹಳೆಯ ವಿದ್ಯಾರ್ಥಿ. ಯಾವ ವಿಷಯ ಕೊಟ್ಟರೂ ನಾಲ್ಕು ಸಾಲಿಗಿಂತ ಹೆಚ್ಚು ಪ್ರಬಂಧ ಬರೆದವನಲ್ಲ. ಅದೇ ದೋಷವನ್ನು ಬಂಡವಾಳ ಮಾಡಿಕೊಂಡು ಈಗ ಅಂಗಡಿ ತೆರೆದಿದ್ದಾನೆ. ಹೆಂಡತಿಯ ಮಾತು ಮೀರಬಾರದೆಂದು ಹೋದೆ.

"ಸರ್, ನಿಮ್ಮ ಹವ್ಯಾಸ?" ಎಂದು ಕೇಳಿದ.

"ಓದೂದು, ಬರಿಯೂದು, ವಿಚಾರ ಮಾಡೂದು."

"ಈಜು ಅಂತ ಇರ್ಲಿ ಬಿಡ್ರಿ. ಎಲ್ಲಾರಿಗೂ ಅದನ್ನ ಹಾಕೇನಿ."

"ನನಗ ಈಜು ಬರೂದಿಲ್ಲಲೇ!"

"ಯಾರ ನೋಡಾಕ ಬರ್ತಾರ್ರಿ ಸರ್? ಗ್ರಂಥಾಲಯದಾಗ ನೀರ ಎಲ್ಲಿರತೈತಿ?"

ಆಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. 'ಉತ್ಸಾಹಿ ಯುವಕ. ಯಾವುದೇ ಸವಾಲನ್ನು ಎದುರಿಸಲು ಸಿದ್ಧ. ಹವ್ಯಾಸ: ಈಜು. ತಕ್ಷಣ ಸೇರಲು ಹಾಗೂ ಬೇರೆ ಊರಿಗೆ ಹೋಗಲು ಒಪ್ಪಿಗೆ ಇದೆ.'

"ಯುವಕ ಯಾರೋ?"

"ಅದು ಮೊದಲಿನವರದು ಉಳಿದೇತ್ರಿ. ತಗೀತೇನಿ."

"ಮುಂದ?"

"ಮುಂದ ಏನಿಲ್ರಿ ಸರ್. ಒಂದ ಪುಟ. ಎರಡನೇ ಪುಟ ಯಾರೂ ಓದೂದಿಲ್ಲ."

ನಾನು ಎದ್ದೆ. ಒಂದು ಜೀವಮಾನದ ಸೇವೆ, ಒಂದು ಪುಟ! ಅದರಲ್ಲೂ ಒಂದು ಸಾಲು ಈಜಿಗೆ!

ಇಲ್ಲಿ ನನ್ನ ಲೇಖನಿಯ ಬಗ್ಗೆ ಎರಡು ಮಾತು ಹೇಳುವುದು ಅವಶ್ಯ. ನಮ್ಮ ತಾಲ್ಲೂಕಿನಲ್ಲಿ ನನ್ನ ಮಾನಪತ್ರವಿಲ್ಲದೆ ಯಾವ ಮಾಸ್ತರರೂ ನಿವೃತ್ತರಾಗಿಲ್ಲ. ಬೀಳ್ಕೊಡುಗೆಯ ದಿನ ಅದನ್ನು ಕಟ್ಟು ಹಾಕಿಸಿ, ಮೈಕಿನಲ್ಲಿ ಓದಿ, ಸತ್ಕಾರಮೂರ್ತಿಗಳನ್ನು ಅಳಿಸಿ, ಕೈಗೆ ಕೊಡುವುದು ಪದ್ಧತಿ. ಯಾರಾದರೂ ಗಣ್ಯರು ತೀರಿಕೊಂಡರೂ ಪತ್ರಿಕೆಗೆ ಕಳಿಸುವ ಸುದ್ದಿಗೆ ನನ್ನ ಹತ್ತಿರವೇ ಬರುತ್ತಿದ್ದರು. ಎರಡಕ್ಕೂ ನಾನು ಬಳಸುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಭಾಷೆ. ಇದುವರೆಗೂ ಯಾರೂ ತಕರಾರು ಮಾಡಿರಲಿಲ್ಲ. ಅವರಲ್ಲಿ ಅರ್ಧ ಜನ ಮಾಡುವ ಸ್ಥಿತಿಯಲ್ಲಿಯೂ ಇರಲಿಲ್ಲ.

ಅಂಥ ಲೇಖನಿಯನ್ನು ನನ್ನ ಮೇಲೆಯೇ ಪ್ರಯೋಗಿಸಿದೆ. 'ನಾನು, ನಾನು' ಎಂದು ಬರೆಯುವುದು ಸಂಸ್ಕಾರವಂತರ ಲಕ್ಷಣವಲ್ಲ. ಆದ್ದರಿಂದ 'ಶ್ರೀಯುತರು' ಎಂದು ಬರೆದೆ.

'ಮಲಪ್ರಭೆಯ ಮಡಿಲಲ್ಲಿ ಜನಿಸಿದ ಶ್ರೀಯುತರು ಸರಳ ಸಜ್ಜನರಾಗಿದ್ದರು. ಉಗರಗೋಳ, ಸವದತ್ತಿ, ಕಿತ್ತೂರುಗಳಲ್ಲಿ ಜ್ಞಾನದ ದೀವಿಗೆ ಹಚ್ಚಿದರು. ತೊರಗಲ್ ಕೋಟೆಗೆ ಪ್ರವಾಸ ಕರೆದೊಯ್ದ ಮಕ್ಕಳನ್ನು ಪ್ರತಿ ಸಲವೂ ಅಷ್ಟೇ ಸಂಖ್ಯೆಯಲ್ಲಿ ಮರಳಿ ತಂದರು. ಅವರು ತೆರವುಗೊಳಿಸಿದ ಸ್ಥಾನವನ್ನು ತುಂಬುವುದು ಸುಲಭವಲ್ಲ. ಶ್ರೀಯುತರಿಗೆ ಪತ್ನಿ, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧುಬಳಗ ಇದೆ.'

ಇದು ಮೊದಲ ಪುಟ. ಹೀಗೆಯೇ ನಾಲ್ಕು ಪುಟ ಸಾಗಿ, ಕೊನೆಯ ಸಾಲಿನಲ್ಲಿ, 'ಶ್ರೀಯುತರು ಇಂದಿಗೂ ಸೇವೆಗೆ ಸನ್ನದ್ಧರಾಗಿದ್ದಾರೆ' ಎಂದು ಮುಗಿಸಿದೆ. ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುವುದು ಒರಟುತನ.

ಸುಶೀಲಾಗೆ ಓದಿ ತೋರಿಸಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಭಾಳ ಛಂದ ಐತ್ರಿ. ಆದ್ರ ಯಾಕೋ ಎದಿ ಝಲ್ ಅಂತು. ಒಮ್ಮೆ ಮಹಾಂತೇಶಗ ತೋರಿಸಿ ಕಳಸ್ರಿ."

ಮಹಾಂತೇಶನಿಗೆ! ಅವನಿಗೆ ತೋರಿಸಿದರೆ ಈಜು ಸೇರಿಸಿ ಕೊಡುತ್ತಾನೆ.

ಉಳಿದದ್ದು ಫೋಟೋ. ನನ್ನ ಮುಖಕ್ಕೆ ನ್ಯಾಯ ಒದಗಿಸಿದ ಫೋಟೋ ಒಂದೇ ಇತ್ತು, ಬೀಳ್ಕೊಡುಗೆಯ ದಿನದ್ದು. ಕಪ್ಪು ಬಣ್ಣದ ಕೂದಲು, ದಪ್ಪ ಮೀಸೆ, ಕೊರಳಲ್ಲಿ ಗುಲಾಬಿಯ ಭಾರೀ ಹಾರ. ನಿವೃತ್ತಿಯ ನಂತರ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ. ಬಿಳಿ ಮೀಸೆ ನೋಡಲಾರದೆ ಮೀಸೆಯನ್ನೂ ತೆಗೆದಿದ್ದೆ. ಫೋಟೋದಿಂದ ಹಾರ ಕತ್ತರಿಸಲು ಹೋದರೆ ಗದ್ದವೂ ಹೋಗುತ್ತಿತ್ತು. ಗದ್ದ ಇರಲಿ ಎಂದು ಹಾರವನ್ನೂ ಉಳಿಸಿಕೊಂಡೆ. ಲಕೋಟೆಯ ಮೇಲೆ 'ಗ್ರಂಥಾಲಯದ ವಿಷಯವಾಗಿ' ಎಂದು ದುಂಡಗೆ ಬರೆದು ಕಳಿಸಿದೆ.

ಕೆಲವು ದಿನಗಳ ನಂತರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದು ಜೀಪು ನಿಂತಿತು. ಸುಶೀಲಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಇಳಿದವರು ಇಬ್ಬರು. ನಮಸ್ಕಾರವಿಲ್ಲ, ನಗುವಿಲ್ಲ. ತಲೆ ತಗ್ಗಿಸಿ ಒಳಗೆ ಬಂದು, ಕುರ್ಚಿ ಬಿಟ್ಟು ಜಮಖಾನದ ಮೇಲೆ ಕುಳಿತರು.

"ಬೈಲಹೊಂಗಲ ಸಾಲಿಂದ ಬಂದೇವ್ರಿ" ಎಂದರು ಅವರಲ್ಲಿ ಕನ್ನಡಕ ಹಾಕಿದವರು. "ನಾ ಕಾರ್ಯದರ್ಶಿ ಜೋಶಿ. ಇವರು ಅಧ್ಯಕ್ಷರು, ಬಸಲಿಂಗಪ್ಪನವರು. ನೀವ ಕಳಿಸಿದ್ದು ಮುಟ್ಟಿತು."

ಮನೆಗೇ ಬಂದು ಸಂದರ್ಶನ! ನಾಲ್ಕು ಪುಟದ ಮಹಿಮೆ ಎಂದರೆ ಇದು.

"ಚಾ ಮಾಡ್ಲೇನ್ರಿ?"

"ಇಂಥಾ ಹೊತ್ತಿನ್ಯಾಗ ಚಾ ಬ್ಯಾಡ್ರಿ" ಎಂದರು ಅಧ್ಯಕ್ಷರು.

ಅಭ್ಯರ್ಥಿಯ ಮನೆಯ ಚಹಾ ಕೂಡ ಮುಟ್ಟದ ಆಡಳಿತ ಮಂಡಳಿ! ನನಗೆ ಗೌರವ ಉಕ್ಕಿತು. ಅಧ್ಯಕ್ಷರು ಒಂದು ಬುತ್ತಿಯ ಗಂಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಒಳಗೆ ರೊಟ್ಟಿ, ಜುಣಕ, ಶೇಂಗಾ ಚಟ್ನಿ. ನಮ್ಮ ಕಡೆ ಬುತ್ತಿ ಕಟ್ಟಿಕೊಂಡು ಸದ್ದಿಲ್ಲದೆ ಯಾರ ಮನೆಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಲ್ಲಿಗೆ ಹೋಗುತ್ತಾರೆ. ಆದರೆ ನೌಕರಿಯ ಆಸೆ ಹತ್ತಿದವನಿಗೆ ರೊಟ್ಟಿ ರೊಟ್ಟಿಯಾಗಿಯೇ ಕಾಣುತ್ತದೆ.

"ಯಾವಾಗ ಆತ್ರಿ?" ಎಂದರು ಅಧ್ಯಕ್ಷರು.

ನಿವೃತ್ತಿಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. "ಹ್ವಾದ ವರ್ಷ, ಮೇ ತಿಂಗಳ ಕೊನೀಗೆ."

"ಅಯ್ಯ, ಅಷ್ಟ ದಿನ ಆತೇನು! ನಮಗ ತಡಾ ಆತ್ರಿ, ಸಿಟ್ಟಾಗಬ್ಯಾಡ್ರಿ. ಭಾಳ ತ್ರಾಸ ಆತೇನು?"

"ಏನೂ ಇಲ್ರಿ. ಹಾರ ಹಾಕಿದ್ರು, ಶಾಲು ಹೊಚ್ಚಿದ್ರು, ಟ್ರ್ಯಾಕ್ಟರ್‌ನ್ಯಾಗ ಕೂಡಿಸಿ ಬಾಜಾ ಹಚ್ಚಿ ಮೆರವಣಿಗಿ ಮಾಡಿದ್ರು. ಊರಿಗೂರ ಅತ್ತಿತು."

"ಪುಣ್ಯವಂತರು" ಎಂದರು ಇಬ್ಬರೂ.

ನಾನು ವಿನಯದಿಂದ ತಲೆ ತಗ್ಗಿಸಿದೆ. ಅವರೂ ತಗ್ಗಿಸಿದರು.

"ಸರ್ ಅವರ ಪುಸ್ತಕಾ ಭಾಳ ಇರಬೇಕಲ್ರಿ?" ಎಂದರು ಜೋಶಿ. ನಾನು 'ಶ್ರೀಯುತರು' ಎಂದು ಬರೆದದ್ದಕ್ಕೆ ಅವರೂ ಅದೇ ಗಾಂಭೀರ್ಯ ಪಾಲಿಸುತ್ತಿದ್ದಾರೆ ಎಂದುಕೊಂಡು, ಎರಡು ಕಪಾಟು ತೋರಿಸಿದೆ.

"ಅವರ ಹೆಸರ್ಲೆ ಗ್ರಂಥಾಲಯದಾಗ ಒಂದ ವಿಭಾಗ ಮಾಡೂಣು ಅಂತ ಮೀಟಿಂಗ್‌ನ್ಯಾಗ ಠರಾವ ಆಗೇತ್ರಿ. ಬೋರ್ಡೂ ಬರಿಸೇವಿ."

ಸೇರುವ ಮೊದಲೇ ಬೋರ್ಡು! ಈ ವೇಗವನ್ನು ಮೆಚ್ಚಿಕೊಳ್ಳುತ್ತಿರುವಾಗ ಸುಶೀಲಾ ಹಿಟ್ಟಿನ ಡಬ್ಬಿ ಹೊತ್ತು ಒಳಗೆ ಬಂದಳು. ಹಣೆಯ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ.

"ಇವರು?" ಎಂದರು ಅಧ್ಯಕ್ಷರು.

"ನನ್ನ ಹೆಂಡ್ತಿ."

"ಸರ್ ಅವರ ಮನಿಯವರು ಎಲ್ಲಿ ಅದಾರ್ರಿ? ಅವರನ್ನ ಒಂದ ಮಾತ ಮಾತಾಡಿಸಿ ಹೋಗಬೇಕಾಗಿತ್ತು."

"ಇವರ ರೀ."

ಜೋಶಿಯವರು ಸೂರು ನೋಡತೊಡಗಿದರು. ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರು: "ನೀವು ಸರ್ ಅವರ ಅಣ್ಣಾರು, ಹೌದಲ್ರಿ?"

"ನನಗ ತಮ್ಮ ಎಲ್ಲಿ ಅದಾನ್ರಿ? ನಾನ ಶ್ರೀಯುತರು!"

ಜೋಶಿಯವರು ಚೀಲದಿಂದ ಫೋಟೋ ತೆಗೆದು ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಸುಶೀಲಾಗೆ ಬುತ್ತಿ ಕಂಡಿತು, ಜಮಖಾನದ ಮೇಲೆ ಕುಳಿತವರ ಮುಖ ಕಂಡಿತು. ನನಗೆ ಅಷ್ಟು ಹೊತ್ತು ಹೊಳೆಯದ್ದು ಅವಳಿಗೆ ಡಬ್ಬಿ ಕೆಳಗಿಡುವುದರೊಳಗೆ ಹೊಳೆಯಿತು.

"ಎದಿ ಝಲ್ ಅಂತು ಅಂತ ನಾ ಹೇಳಿದ್ದಿಲ್ಲೇನ್ರಿ!"

"ಅದು ನೌಕರಿ ಅರ್ಜಿರಿ" ಎಂದೆ ಕ್ಷೀಣವಾಗಿ. "ಕೊನೀ ಸಾಲ ನೋಡ್ರಿ."

ಜೋಶಿಯವರು ನಾಲ್ಕನೇ ಪುಟ ತಿರುವಿ ಗಟ್ಟಿಯಾಗಿ ಓದಿದರು. 'ಶ್ರೀಯುತರು ಇಂದಿಗೂ ಸೇವೆಗೆ ಸನ್ನದ್ಧರಾಗಿದ್ದಾರೆ.'

"ನಾವು ಮೊದಲನೇ ಪುಟಕ್ಕ ನಿಂತ್ವಿರಿ" ಎಂದರು ಅಧ್ಯಕ್ಷರು. "ಕಣ್ಣಾಗ ನೀರ ಬಂತು, ಮುಂದ ಓದಾಕ ಆಗಲಿಲ್ಲ. ಪುಸ್ತಕಾ ಕೊಡಾಕ ಮನಿಯವರು ಕಳಿಸ್ಯಾರ ಅಂತ ತಿಳಕೊಂಡ್ವಿ. ಪ್ರಾರ್ಥನಾದಾಗ ನಿಮ್ಮ ಫೋಟೋ ಇಟ್ಟ ಮೌನ ಆಚರಿಸೇವಿ. ಮಕ್ಕಳಿಗೆ ಅರ್ಧಾ ದಿನ ಸೂಟಿ ಕೊಟ್ಟೇವಲ್ರಿ!"

"ಆ ನೌಕರಿ...?"

"ನೀವ ಬಂದ ಅಲ್ಲಿ ಕುಂತ್ರ ಹಾಸ್ಟೆಲ್ ಮಕ್ಕಳಿಗೆ ಜ್ವರಾ ಬರತಾವ್ರಿ ಸರ್. ಅಲ್ಲದ ನಿನ್ನೆ ಒಬ್ಬರನ್ನ ತಗೊಂಡೇವಿ. ಒಂದ ಪುಟದಾಗ ಎಲ್ಲಾ ಬರದಿದ್ರು, ಲಗೂನ ಓದಿ ಮುಗೀತು."

ಕೊನೆಗೆ ಅವರು ಬಂದ ಕೆಲಸ ಕೆಡಬಾರದೆಂದು ಸುಶೀಲಾ ಮುಂದೆ ಬಂದಳು. "ಪುಸ್ತಕಾ ಒಯ್ರಿ. ಇದ್ರೇನು, ಹ್ವಾದ್ರೇನು, ಕೊಟ್ಟದ್ದು ಕೊಟ್ಟದ್ದ." ಉಪ್ಪಿನಕಾಯಿ ಭರಣಿ ಇಡಲು ಅವಳಿಗೆ ಆ ಕಪಾಟುಗಳ ಮೇಲೆ ಬಹಳ ವರ್ಷಗಳಿಂದ ಕಣ್ಣಿತ್ತು. ಪುಸ್ತಕಗಳು ಜೀಪು ಹತ್ತಿದವು. ಸಾವಿನ ಮನೆಯಿಂದ ಹೊರಡುವಾಗ 'ಬರತೇವಿ' ಎನ್ನಬಾರದು. ಅವರು ಅನ್ನಲಿಲ್ಲ. ಯಾವುದಕ್ಕೂ ಇರಲಿ ಎಂದು!

ಮಧ್ಯಾಹ್ನ ನನ್ನ ಸಾವಿನ ರೊಟ್ಟಿಯನ್ನು ನಾನೇ ತಿಂದೆ. ಜುಣಕಕ್ಕೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

ಮೊನ್ನೆ ಬೈಲಹೊಂಗಲಕ್ಕೆ ಒಂದು ಮದುವೆಗೆ ಹೋದವನು ಆ ಶಾಲೆಯ ಗ್ರಂಥಾಲಯಕ್ಕೂ ಹೋದೆ. ಇಸ್ತ್ರಿ ಅಂಗಿಯಲ್ಲಿಯೇ ಇದ್ದೆ. ನನ್ನ ಪುಸ್ತಕಗಳ ಮೇಲೆ ನನ್ನ ಹೆಸರಿನ ಬೋರ್ಡು. 'ದಿವಂಗತ' ಎಂಬುದರ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಬಿಸಿಲು ಬಿದ್ದಾಗ ಕಾಣುತ್ತದೆ. ಅದರ ಪಕ್ಕ ಫೋಟೋ. ನಾನು ಕೇಳಿದ್ದು ಅಲ್ಲಿ ಒಂದು ಕುರ್ಚಿ; ಸಿಕ್ಕಿದ್ದು ಗೋಡೆ.

ಕುರ್ಚಿಯಲ್ಲಿದ್ದ ಹೊಸ ಗ್ರಂಥಪಾಲಕ ನನ್ನನ್ನೂ ಫೋಟೋವನ್ನೂ ನೋಡಿ ಎದ್ದು ನಿಂತ. "ಸರ್ ಅವರ ಅಣ್ಣಾರೇನ್ರಿ?"

"ಹೌದು" ಎಂದೆ. ಎದ್ದು ನಿಂತವನನ್ನು ನಿರಾಸೆಗೊಳಿಸಬಾರದು.

"ಸರ್ ಅವರ ಪರಿಚಯ ನಾಕ ಪುಟ ಇತ್ರಿ, ಗ್ವಾಡಿಗೆ ಹಿಡೀಲಿಲ್ಲ. ನನ್ನ ರೆಸ್ಯೂಮೆ ಮಾಡಿದವನ ಕಡೇನ ಸಣ್ಣದ ಮಾಡಿಸಿ ಹಚ್ಚೇನಿ. ನಿಮ್ಮ ರಾಮದುರ್ಗದಾವನ."

ಕನ್ನಡಕ ಹಾಕಿಕೊಂಡು ಓದಿದೆ. ಹಾರದ ಕೆಳಗೆ, ದಪ್ಪ ಅಕ್ಷರದಲ್ಲಿ: 'ಯಾವುದೇ ಸವಾಲನ್ನು ಎದುರಿಸಲು ಸಿದ್ಧ. ಹವ್ಯಾಸ: ಈಜು. ತಕ್ಷಣ ಸೇರಲು ಹಾಗೂ ಬೇರೆ ಊರಿಗೆ ಹೋಗಲು ಒಪ್ಪಿಗೆ ಇದೆ.'

ಮಕ್ಕಳೆಲ್ಲ ನಿಂತು ಪೂರ್ತಿ ಓದುತ್ತಾರಂತೆ.